ಕೆಂಪು ಗೆರೆಯೂ ನಮ್ಮ ಮೊಣಕಾಲೂ

ಬಾಸ್ಟನ್ ನೋಡೋಕೆ ಪ್ಲಾನ್ ಗೀನ್ ಏನೂ ಬೇಡ ಎಂದು ಮಗಳು ಹೇಳಿಬಿಟ್ಟಿದ್ದಾಳೆ. ನೆಲದ ಮೇಲೇ ಕೆಂಪು ಗೆರೆ ಎಳೆದಿದ್ದಾರೆ, ಹೆಚ್ಚಿನ ಕಡೆ ಇಟ್ಟಿಗೆಯದು. ಅದರ ಬೆನ್ನು ಹತ್ತಿ ಎರಡೂವರೆ ಮೈಲಿ ನಡೆದರೆ 16 ಚಾರಿತ್ರಿಕ ತಾಣಗಳನ್ನು ನೋಡಿದ ಹಾಗಾಯಿತು. ಫ್ರೀಡಂ ಟ್ರೇಲ್ ಎಂದು ಅದರ ಹೆಸರು. ವಿಲಿಯಂ ಸ್ಕೋಫೀಲ್ಡ್ ಎಂಬ ಪತ್ರಕರ್ತರು 1951ರಲ್ಲಿ ಪತ್ರಿಕೆಯಲ್ಲಿ ಬರೆದು ಸೂಚಿಸಿದ್ದಂತೆ. ಪತ್ರಿಕೆಯಲ್ಲಿ ಬಂದದ್ದನ್ನು ಊರಿನ ಆಡಳಿತ ಕಿವಿಗೆ ಹಾಕಿಕೊಂಡಿತಲ್ಲ, ಅದನ್ನೇ 17ನೇ ವಿಶೇಷವೆಂದು ಸೇರಿಸಬೇಕು.

ಆದರೆ ಪ್ಲಾನಿಲ್ಲದೆ ಹೊಸಿಲು ದಾಟುವ ವಂಶವಲ್ಲ ನಮ್ಮದು. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ಅದು ಸುರುಳಿ ಸುತ್ತಿಕೊಳ್ಳದಂತೆ ಮೂಲೆಗೆ ಉಪ್ಪಿನಕಾಯಿ ಬಾಟಲಿ ಇಟ್ಟು, ಕನ್ನಡಕ ಏರಿಸಿ ಕೂತಿದ್ದೇನೆ. ಗೆರೆ ಹೊರಡುವುದು ಬಾಸ್ಟನ್ ಕಾಮನ್‌ನಿಂದ. 1634ರಿಂದಲೂ ಇರುವ ಊರಿನ ಗೋಮಾಳ ಅದು. ದನಗಳು ಹೋಗಿ ಎಷ್ಟೋ ಕಾಲವಾಯಿತು, ಜಾಗ ಮಾತ್ರ ಸೈಟುಗಳಾಗದೆ ಉಳಿದಿದೆ! ಅಲ್ಲೊಂದು ಬೆಂಚು ಹಿಡಿಯುವುದೆಂದು ಗುರುತು ಹಾಕಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ನಕ್ಷೆಯ ತುಂಬ ಇಂಥ ಗುರುತುಗಳೇ. ಎಲ್ಲಿ ನಡೆಯಬೇಕೆಂದು ಗೆರೆ ಹೇಳುತ್ತದೆ, ಎಲ್ಲಿ ಕೂರಬೇಕೆಂದು ನಾವೇ ನೋಡಿಕೊಳ್ಳಬೇಕು.

ಅಲ್ಲೇ ಪಕ್ಕಕ್ಕೆ ಗ್ರಾನರಿ ಸ್ಮಶಾನ. ಸ್ವಾತಂತ್ರ್ಯವೀರರಾದ ಪಾಲ್ ರಿವಿಯರ್, ಸ್ಯಾಮ್ಯುಯೆಲ್ ಆಡಮ್ಸ್ ಮಲಗಿರುವ ಜಾಗ. ಸಮಾಧಿಕಲ್ಲುಗಳ ಮೇಲೆ ರೆಕ್ಕೆ ಮೂಡಿದ ಬುರುಡೆಗಳನ್ನು ಕೆತ್ತಿದ್ದಾರೆ.

"ಅಲ್ಲಾ ರೀ, ಬೆಳಗ್ಗೆ ಎದ್ದು ಸ್ನಾನ ಮಾಡ್ಕೊಂಡು ಸ್ಮಶಾನಕ್ಕೆ ಹೋಗೋದಾ? ಆಮೇಲೆ ಮತ್ತೆ ಸ್ನಾನ ಎಲ್ಲಿ ಮಾಡೋದು?" ಎಂದಳು ನನ್ನಾಕೆ. ದಾರಿಯಲ್ಲಿ ಇಂಥವು ಇನ್ನೂ ಎರಡಿವೆ ಎಂಬುದನ್ನು ಸದ್ಯಕ್ಕೆ ಬಾಯಿಬಿಟ್ಟಿಲ್ಲ.

ಮುಂದೆ ಓಲ್ಡ್ ಸೌತ್ ಮೀಟಿಂಗ್ ಹೌಸ್. ಚಹಾದ ಸುಂಕ ವಿರೋಧಿಸಿ 1773ರ ಡಿಸೆಂಬರ್ 16ರಂದು ಸಾವಿರಾರು ಜನ ನೆರೆದದ್ದು ಇಲ್ಲೇ. ಅದೇ ರಾತ್ರಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಹಾಲಿಲ್ಲ, ಸಕ್ಕರೆಯಿಲ್ಲ, ಉಪ್ಪುನೀರು ಬೇರೆ! ಕಾಫಿಯವನಾದ ನನಗೆ ಹೊಟ್ಟೆಯೇನೂ ಉರಿಯಲಿಲ್ಲ. ಕಂಪನಿಯಂತೂ ಮೈಸೂರಿನವರಿಗೆ ಹಳೇ ಪರಿಚಯ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ ಆಮೇಲೆ ನಮ್ಮ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡದ್ದು. ಅಲ್ಲಿ ಆದ ಲುಕ್ಸಾನನ್ನು ಇಲ್ಲಿ ವಸೂಲಿ ಮಾಡಿದ ಗಿರಾಕಿ.

ಎಲ್ಲಿದ್ದೆ? ಹಾಂ, ನಾರ್ತ್ ಎಂಡ್. 1680ರ ಸುಮಾರಿನ ಪಾಲ್ ರಿವಿಯರನ ಮರದ ಮನೆ ಅಲ್ಲಿದೆ. ಸುತ್ತ ಇಟಲಿಯವರ ಮಿಠಾಯಿ ಅಂಗಡಿಗಳ ಸಾಲು. ಸಕ್ಕರೆ ಕಾಯಿಲೆಯವರು ಗೆರೆಯ ಮೇಲೇ ಕಣ್ಣಿಟ್ಟು ನಡೆಯುವುದು ಕ್ಷೇಮ.

ಚಾರ್ಲ್ಸ್ ನದಿಯ ಸೇತುವೆ ದಾಟಿದರೆ ಕೊನೆಗೆ ಬಂಕರ್ ಹಿಲ್ ಸ್ಮಾರಕ. ಎತ್ತರ 221 ಅಡಿ, ಮೆಟ್ಟಿಲು 294, ಲಿಫ್ಟ್ ಇಲ್ಲ. "ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳಿಗೆ ಇದ್ಯಾವ ಲೆಕ್ಕ" ಎಂದು ಇವಳು ಈಗಲೇ ಸೆರಗು ಸಿಕ್ಕಿಸಿದ್ದಾಳೆ. ನಾನು ಬುಡದಲ್ಲಿ ಬ್ಯಾಗು ಕಾಯುವ ಹೊಣೆ ಹೊತ್ತಿದ್ದೇನೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. 1775ರ ಬಂಕರ್ ಹಿಲ್ ಕದನ ಬಹುಪಾಲು ನಡೆದದ್ದು ಪಕ್ಕದ ಬ್ರೀಡ್ಸ್ ಹಿಲ್ ಮೇಲೆ, ಸ್ಮಾರಕ ನಿಂತಿರುವುದೂ ಅದರ ಮೇಲೆಯೇ, ಹೆಸರು ಮಾತ್ರ ಬಂಕರ್ ಹಿಲ್‌ನದು. ಕಾದಾಡಿದ ಗುಡ್ಡ ಒಂದು, ಹೆಸರು ಹೊಡೆದ ಗುಡ್ಡ ಇನ್ನೊಂದು. ಹಾಗಿರುವಾಗ ಅವಳು ಹತ್ತಿದ ಮೆಟ್ಟಿಲನ್ನು ಊರಿಗೆ ಬಂದ ಮೇಲೆ ನನ್ನ ಹೆಸರಿನಲ್ಲಿ ಹೇಳಿಕೊಂಡರೆ ಚರಿತ್ರೆಗೆ ಅಪಚಾರವೇನೂ ಆಗಲಾರದು.