ಪಟ್ಟಿರಾಯರ ದ್ವೀಪಯಾತ್ರೆ

ಊರು ನೋಡುವುದಕ್ಕೆಂದು ಪ್ರವಾಸ ಹೊರಡುವವರುಂಟು. ಊರಿನಿಂದ ತಪ್ಪಿಸಿಕೊಳ್ಳುವುದಕ್ಕೆಂದು ಹೊರಡುವವರು ಅದಕ್ಕಿಂತ ಹೆಚ್ಚು. ಆದರೆ ಇವರೆಲ್ಲರಿಗೂ ವಿಮಾನ, ವಾಹನ, ಊಟ, ವಸತಿಗಳನ್ನು ತಾವೇ ಮುಂದೆ ನಿಂತು ಗೊತ್ತುಮಾಡಿಕೊಟ್ಟು, ಪ್ರತಿಯಾಗಿ ಅವರವರ ಸ್ವಾತಂತ್ರ್ಯವೊಂದನ್ನು ಮಾತ್ರ ಕಾಣಿಕೆಯಾಗಿ ಸ್ವೀಕರಿಸುವ ಮಹನೀಯರು ಪ್ರತಿಯೊಂದು ಬಡಾವಣೆಯಲ್ಲಿಯೂ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ನಿಜನಾಮಧೇಯ ಏನೇ ಇರಲಿ, ಪಟ್ಟಿರಾಯರೆಂದರೆ ಗುರುತು ಹತ್ತದವರಿಲ್ಲ.

ನಮ್ಮ ಬೀದಿಯ ಪಟ್ಟಿರಾಯರು ಸರ್ಕಾರದ ಲೆಕ್ಕಪತ್ರ ಶಾಖೆಯೊಂದರಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಸೇವಾವಧಿಯುದ್ದಕ್ಕೂ ಇತರರ ಪ್ರಯಾಣಭತ್ಯೆಯ ಬಿಲ್ಲುಗಳನ್ನು ಪರಿಶೀಲಿಸಿ, ತಾವು ಮಾತ್ರ ತಿರುಪತಿಯ ಆಚೆಗೆ ಹೆಜ್ಜೆಯಿಡದೆ ಉಳಿದುದರ ಫಲವಾಗಿ, ಪ್ರಯಾಣವೆಂಬುದು ಮೂಲತಃ ತಾಳೆಯಾಗಬೇಕಾದ ಒಂದು ಲೆಕ್ಕವೆಂಬ ನಂಬಿಕೆ ಅವರಲ್ಲಿ ದೃಢವಾಗಿ ಬೇರೂರಿತ್ತು. ಇಂಥವರು ಸಕುಟುಂಬರಾಗಿ ಡಿಸೆಂಬರಿನಲ್ಲಿ ಅಂಡಮಾನಿಗೆ ಹೋಗಿಬರುವುದೆಂದು ನಿಶ್ಚಯಿಸಿದಾಗ, ಬಾಡಿಗೆಯ ವಾಹನದಲ್ಲಿ ಒಂದು ಆಸನ ಖಾಲಿ ಉಳಿದು ಪಟ್ಟಿಯ ಅಂದವೇ ಕೆಡುತ್ತಿತ್ತಾಗಿ, ಆ ಆಸನವನ್ನು ತುಂಬುವ ಸಲುವಾಗಿ ನನ್ನನ್ನೂ ಸೇರಿಸಿಕೊಂಡರು.

ಪಟ್ಟಿಯ ವರ್ಣನೆಯನ್ನು ಇಲ್ಲಿ ಮಾಡಲೇಬೇಕು. ಪ್ಲಾಸ್ಟಿಕ್ ಹೊದಿಕೆಯೊಳಗೆ ಭದ್ರವಾಗಿದ್ದ ಆ ಹಾಳೆಗಳಲ್ಲಿ ಸ್ಥಳ, ನಿರ್ಗಮನ, ಆಗಮನ, ವೀಕ್ಷಣೆ ಎಂಬ ಕಲಮುಗಳಿದ್ದು, ಬಲತುದಿಯಲ್ಲಿ, ಸೇವಾಜೀವನದ ನೆನಪೆಂಬಂತೆ, 'ಷರಾ' ಎಂಬ ಕಲಮು ವಿಶಾಲವಾಗಿ ಮೆರೆಯುತ್ತಿತ್ತು. ಹ್ಯಾವ್‌ಲಾಕ್ ದ್ವೀಪವು 2018ರಲ್ಲಿ ಸ್ವರಾಜ್ ದ್ವೀಪವೂ ನೀಲ್ ದ್ವೀಪವು ಶಹೀದ್ ದ್ವೀಪವೂ ಆದುದನ್ನು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆದುದನ್ನು ಬಲ್ಲ ರಾಯರು, ಹೊಸ ಹೆಸರಿನ ಮುಂದೆ ಹಳೆಯ ಹೆಸರನ್ನೂ ಆವರಣಚಿಹ್ನೆಯಲ್ಲಿ ಕಾಣಿಸಿದ್ದರು. ರಾಧಾನಗರ ಕಡಲತೀರದ ಮುಂದೆ ಹೀಗಿತ್ತು: 'ಆಗಮನ 5-15, ಸಮುದ್ರಸ್ನಾನ 5-20ರಿಂದ 5-45, ಮೈ ಒರೆಸಿಕೊಳ್ಳುವುದು 5-50, ಎಳನೀರು 5-55, ಸೂರ್ಯಾಸ್ತ 6-00.' ಎಂಬತ್ತು ದಾಟಿದ ಅವರ ಅತ್ತೆಯವರನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟುಬರುವಂತಿರಲಿಲ್ಲವಾದ್ದರಿಂದ, ಪ್ರತಿಯೊಂದು ತಾಣದ ಷರಾದಲ್ಲಿಯೂ ಆ ಹಿರಿಯ ಜೀವಕ್ಕೆ ಒಂದೇ ವಿಧಿಯನ್ನು ನಿಯಮಿಸಲಾಗಿತ್ತು: 'ಅತ್ತೆಯವರು ನೆರಳಿನಲ್ಲಿ ಕುಳಿತಿರತಕ್ಕದ್ದು.'

ರಾಯರ ಪರಮೋನ್ನತಿಯ ದಿನವೆಂದರೆ ಬಾರಾಟಾಂಗಿಗೆ ಹೋದ ದಿನ. ಅಲ್ಲಿಯ ಸುಣ್ಣಕಲ್ಲಿನ ಗುಹೆಗಳನ್ನು ಕಾಣಬೇಕಾದರೆ ಜಾರವಾ ಜನರ ಕಾಯ್ದಿಟ್ಟ ಅರಣ್ಯವನ್ನು ಹಾಯ್ದು ಹೋಗಬೇಕು; ಆ ದಾರಿಯಲ್ಲಿ ವಾಹನಗಳು ಜಿರ್ಕಾಟಾಂಗಿನ ತನಿಖಾ ಠಾಣೆಯಿಂದ ಗೊತ್ತಾದ ಹೊತ್ತಿಗೆ, ಒಂದರ ಹಿಂದೊಂದು, ಬೆಂಗಾವಲಿನಲ್ಲಿ ಸಾಗಬೇಕು; ನಡುವೆ ನಿಲ್ಲಿಸಕೂಡದು, ಇಳಿಯಕೂಡದು, ಚಿತ್ರ ತೆಗೆಯಕೂಡದು. ತಮ್ಮ ಕಾಡಿನಲ್ಲಿ ತಮ್ಮ ಪಾಡಿಗೆ ತಾವಿರುವ ಜನರನ್ನು ಮೃಗಾಲಯದ ಪ್ರಾಣಿಗಳಂತೆ ನೋಡಹೋಗುವವರನ್ನು ತಡೆಯಲು ಇಷ್ಟಾದರೂ ಕಟ್ಟಳೆ ಬೇಕೆಂಬುದು ನನ್ನ ಅಭಿಪ್ರಾಯ. ರಾಯರ ಸಂತೋಷಕ್ಕೆ ಮಾತ್ರ ಕಾರಣವೇ ಬೇರೆ. ನಸುಕಿನ ಮೂರೂವರೆಗೆ ನಮ್ಮೆಲ್ಲರನ್ನೂ ಎಬ್ಬಿಸಿ, ಕತ್ತಲಿನಲ್ಲಿ ಸಾಲುಗಟ್ಟಿ ನಿಂತ ವಾಹನಗಳ ಕೆಂಪು ದೀಪಗಳನ್ನು ಕಣ್ತುಂಬ ನೋಡಿ, ಸರಿಯಾಗಿ ಆರಕ್ಕೆ ತಡೆಗಂಬ ಮೇಲೆದ್ದುದೇ ತಡ, 'ನೋಡಿ, ಇದು ಆಡಳಿತ!' ಎಂದು ನನ್ನ ತೊಡೆಯನ್ನು ತಟ್ಟಿದರು. ಕಾಂಡ್ಲ ಕಾಡಿನ ನಡುವಿನ ದೋಣಿವಿಹಾರವಾಗಲಿ, ಗುಹೆಯ ಮಾಡಿನಿಂದ ಹನಿಹನಿಯಾಗಿ ಇಳಿದು ಯುಗಾಂತರಗಳಲ್ಲಿ ಕಲ್ಲಾದ ಸುಣ್ಣದ ಜಡೆಗಳಾಗಲಿ ಅವರಿಗೆ ಅಷ್ಟು ರುಚಿಸಿದಂತೆ ಕಾಣಲಿಲ್ಲ.

ಸೆಲ್ಯುಲರ್ ಜೈಲಿಗೆ ಪಟ್ಟಿಯಲ್ಲಿ ನಲವತ್ತು ನಿಮಿಷ ಮಂಜೂರಾಗಿತ್ತು. 1896ರಲ್ಲಿ ಆರಂಭಿಸಿ 1906ರಲ್ಲಿ ಕಟ್ಟಿಮುಗಿಸಿದ ಆ ಕಾರಾಗೃಹದ ಏಳು ಪಾರ್ಶ್ವಗಳಲ್ಲಿ ಈಗ ಉಳಿದಿರುವುದು ಮೂರು. ಒಂದು ಪಾರ್ಶ್ವದ ಕೋಣೆಯ ಬಾಗಿಲು ಮತ್ತೊಂದರ ಬೆನ್ನಿಗೆ ಎದುರಾಗುವಂತೆ, ಬಂದಿಗೆ ಬಂದಿಯ ಮುಖ ಕಾಣದಂತೆ ಅದನ್ನು ರಚಿಸಿದ್ದಾರೆ. ಎಣ್ಣೆಯ ಗಾಣಕ್ಕೆ ಮನುಷ್ಯನನ್ನು ಹೂಡಿದ ಪ್ರತಿಕೃತಿಯ ಮುಂದೆ ನಿಂತು, ದಿನಕ್ಕೆ ಇಷ್ಟು ಎಣ್ಣೆಯನ್ನು ತೆಗೆದೇ ತೀರಬೇಕು, ತೆಗೆಯದಿದ್ದರೆ ದಂಡನೆ ಎಂದಿದ್ದ ಕ್ರಮವನ್ನು ಮಾರ್ಗದರ್ಶಿ ವಿವರಿಸುತ್ತಿರಲು, ರಾಯರು ಗಡಿಯಾರ ನೋಡಿಕೊಳ್ಳುವುದನ್ನು ಮರೆತರು. ನಲವತ್ತು ನಿಮಿಷ ಕಳೆದು ಬಹಳ ಹೊತ್ತಾಗಿದ್ದಿತು, ಯಾರೂ ನೆನಪಿಸಲಿಲ್ಲ. ಆ ದಿನದ ಷರಾದಲ್ಲಿ ಏನನ್ನೂ ಬರೆದಿರಲಿಲ್ಲವೆಂಬುದನ್ನು ನಾನು ಆಮೇಲೆ ಕಂಡೆ.

ಮರುದಿನ ಸ್ವರಾಜ್ ದ್ವೀಪಕ್ಕೆ ಬಂದಾಗ ರಾಯರು ಯಥಾಸ್ಥಿತಿಗೆ ಮರಳಿದ್ದರು. ರಾಧಾನಗರದ ತೀರಕ್ಕೆ ನಮ್ಮ ವಾಹನ ನಿಮಿಷವೂ ತಪ್ಪದೆ 5-15ಕ್ಕೆ ತಲುಪಿತು. ತಲುಪಿದಾಗ ಸೂರ್ಯನು ಮುಳುಗಿ ಕಾಲು ಗಂಟೆಯಾಗಿತ್ತು. ಜನರು ಮರಳು ಕೊಡವಿಕೊಂಡು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಎದುರಿಗೆ ಬರುತ್ತಿದ್ದರು. ನಡೆದದ್ದಿಷ್ಟೆ: ನಮ್ಮ ದೇಶದ ಗಡಿಯಾರವನ್ನು ಎಂಬತ್ತೆರಡೂವರೆ ಡಿಗ್ರಿಯ ರೇಖಾಂಶಕ್ಕೆ ಹೊಂದಿಸಿದ್ದಾರೆ; ಅಂಡಮಾನ್ ಇರುವುದು ಹೆಚ್ಚುಕಡಮೆ ತೊಂಬತ್ತಮೂರರಲ್ಲಿ, ಬೆಂಗಳೂರು ಎಪ್ಪತ್ತೇಳೂವರೆಯಲ್ಲಿ; ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕಹಾಕಿದರೆ ಬೆಂಗಳೂರಿಗೂ ದ್ವೀಪಕ್ಕೂ ಸೂರ್ಯನ ನಡಿಗೆಯಲ್ಲಿ ಒಂದು ಗಂಟೆಯ ಅಂತರ ಬೀಳುತ್ತದೆ. ರಾಯರು ಬೆಂಗಳೂರಿನ ಸೂರ್ಯನನ್ನೇ ನಂಬಿ ಪಟ್ಟಿ ಬರೆದಿದ್ದರು. ಮಾಸಿದ ಪಶ್ಚಿಮ ದಿಕ್ಕನ್ನು ಅವರು, ಅನುಮತಿಯಿಲ್ಲದೆ ಕಚೇರಿಯಿಂದ ಬೇಗ ಮನೆಗೆ ಹೋದ ಗುಮಾಸ್ತನ ಖಾಲಿ ಕುರ್ಚಿಯನ್ನು ನೋಡುವಂತೆ ನೋಡುತ್ತ ನಿಂತರು.

'ಹೋಗ್ಲಿ ಬಿಡೀಂದ್ರೆ, ನಾಳೆ ಮತ್ತೆ ಮುಳುಗ್ತಾನಲ್ಲ' ಎಂದು ಅವರ ಮನೆಯವರು ಸಮಾಧಾನ ಹೇಳಿದರು.

'ನಾಳೆ ಈ ಹೊತ್ತಿಗೆ ಶಹೀದ್ ದ್ವೀಪದಲ್ಲಿ ಕಾಫಿ' ಎಂದರು ರಾಯರು, ಪಟ್ಟಿಯನ್ನು ತಡವುತ್ತ.

ಆ ಸಂಜೆ ಸಮುದ್ರಸ್ನಾನವನ್ನು ಕತ್ತಲಲ್ಲಿಯಾದರೂ ಮುಗಿಸೋಣವೆಂದು ಅವರು ಸೂಚಿಸಿದ್ದನ್ನೂ, ದಡ ಕಾಯುವವನು ಸೀಟಿ ಊದಿ ಎಲ್ಲರನ್ನೂ ಅಟ್ಟಿದ್ದನ್ನೂ ಹೆಚ್ಚು ಬೆಳೆಸುವುದಿಲ್ಲ.

ಶಹೀದ್ ದ್ವೀಪದಲ್ಲಿ ಲಕ್ಷ್ಮಣಪುರದ ತೀರದ ಬಳಿ ಕಡಲೇ ಕೊರೆದ ಕಲ್ಲಿನ ಕಮಾನೊಂದಿದೆ; ದೇಶವಿಭಜನೆಯ ಅನಂತರ ಪೂರ್ವಬಂಗಾಳದಿಂದ ಬಂದು ನೆಲೆಸಿದವರು ಆ ದ್ವೀಪದಲ್ಲಿ ಬಹಳವಿರುವುದರಿಂದಲೋ ಏನೋ, ಅದಕ್ಕೆ ಹೌರಾ ಸೇತುವೆಯೆಂಬ ಹೆಸರೂ ಉಂಟು. ನೀರು ಇಳಿದಾಗ ಮಾತ್ರ ಅಲ್ಲಿಗೆ ನಡೆದುಹೋಗಬಹುದು. ಹಿಂದಿನ ವರ್ಷ ಹೋಗಿಬಂದ ಸ್ನೇಹಿತರೊಬ್ಬರು 'ಹನ್ನೊಂದಕ್ಕೆ ಇಳಿದಿತ್ತು' ಎಂದಿದ್ದರಾಗಿ, ರಾಯರು ಸಮುದ್ರದ ಕಚೇರಿವೇಳೆಯನ್ನು 11-00ರಿಂದ 11-45 ಎಂದು ಬರೆದುಕೊಂಡಿದ್ದರು. ನಾವು ಹೋದಾಗ ಕಲ್ಲುಗಳೆಲ್ಲ ಮುಳುಗಿ, ಅಲೆಗಳು ಮೆಟ್ಟಿಲ ಬುಡಕ್ಕೆ ಬಡಿಯುತ್ತಿದ್ದವು. ರಾಯರು ಕೈಗಡಿಯಾರವನ್ನೊಮ್ಮೆ ನೀರನ್ನೊಮ್ಮೆ ನೋಡುತ್ತ ಹನ್ನೊಂದೂಮುಕ್ಕಾಲರವರೆಗೂ ಕಾದರು. ನೀರು ಇನ್ನಷ್ಟು ಏರಿತು.

ಆಗ, ವಿಧಿವತ್ತಾಗಿ ನೆರಳಿನಲ್ಲಿ ಕುಳಿತಿದ್ದ ಅತ್ತೆಯವರು ಬಾಯಿಬಿಟ್ಟರು. ಅವರ ತವರು ಕುಂದಾಪುರದ ಕಡೆ. ಹೊಳೆ ಕಡಲನ್ನು ಸೇರುವಲ್ಲಿ ಹುಟ್ಟಿ, ಉಬ್ಬರ ನೋಡಿಯೇ ದೋಣಿ ಹತ್ತಿ ಬೆಳೆದವರು.

'ಈಗ ಇಳಿಯುದಿಲ್ಲ ಅಳಿಯಂದಿರೆ. ನೀರು ಇವತ್ತು ಎಷ್ಟೊತ್ತಿಗೆ ಇಳಿದಿತ್ತು ಅಂತ ಆ ಎಳನೀರು ಹುಡುಗನನ್ನ ಕೇಳಿ.'

ಮೊಮ್ಮಗಳು ಹಿಂದಿಯಲ್ಲಿ ವಿಚಾರಿಸಿದಳು. ಬೆಳಗಿನ ಜಾವ ಐದರ ಸುಮಾರಿಗೆ ಎಂದು ಉತ್ತರ ಬಂದಿತು. ಅತ್ತೆಯವರು ಕೈಚೀಲದಿಂದ ಒಂಟಿಕೊಪ್ಪಲಿನ ಪಂಚಾಂಗವನ್ನು ತೆಗೆದು, ಕನ್ನಡಕವನ್ನು ಸೆರಗಿನಿಂದ ಒರೆಸಿ, ಪುಟದ ಮೇಲೆ ಬೆರಳಾಡಿಸಿ, 'ಅಮಾವಾಸ್ಯೆ ಕಳೆದು ಎರಡು ದಿನ, ಚೆನ್ನಾಗೇ ಇಳೀತದೆ. ದಿನಕ್ಕೆ ಎರಡು ಘಳಿಗೆ ಮುಂದೆ ಹೋಗ್ತದೆ. ನಾಳೆ ಬೆಳಿಗ್ಗೆ ಆರರೊಳಗೆ ಬನ್ನಿ' ಎಂದು ಪುಸ್ತಕವನ್ನು ಮುಚ್ಚಿಟ್ಟರು. ಎರಡು ಘಳಿಗೆಯೆಂದರೆ ನಲವತ್ತೆಂಟು ನಿಮಿಷ. ಚಂದ್ರನ ಹಿಂದೆ ಹೋಗುವ ಕಡಲು ದಿನದಿನಕ್ಕೆ ತಡಮಾಡುವುದೂ ಸುಮಾರು ಐವತ್ತು ನಿಮಿಷವೇ.

ಭಾನುವಾರ ಬೆಳಗಿನ ಪಟ್ಟಿಯಲ್ಲಿ ಸೀತಾಪುರದ ಸೂರ್ಯೋದಯವಿತ್ತು. ಅದನ್ನು ಹೊಡೆದುಹಾಕುವಾಗ ರಾಯರ ಕೈ ನಡುಗಿತೆಂದರೆ ಅತಿಶಯೋಕ್ತಿಯಲ್ಲ. ಆದರೆ ಬೆಳಿಗ್ಗೆ ಹೋಗಿ ನೋಡುತ್ತೇವೆ, ಕಡಲು ಗಾವುದ ದೂರ ಸರಿದಂತಿದೆ! ಕಮಾನಿನವರೆಗೂ ಹಸಿರು ಪಾಚಿಯ ಕಲ್ಲುಹಾಸು. ಕಲ್ಲಿನ ಗುಳಿಗಳಲ್ಲಿ ಉಳಿದ ನೀರಿನೊಳಗೆ ಬೆರಳುದ್ದದ ಪಟ್ಟೆಮೀನುಗಳು, ನೆರಳು ಬಿದ್ದೊಡನೆ ಸಂದಿಗೆ ಸರಿಯುವ ಏಡಿಗಳು, ಕರಿಯ ದಪ್ಪ ಸೌತೆಕಾಯಿಯಂತೆ ಅಲುಗದೆ ಬಿದ್ದಿದ್ದ ಕಡಲಸೌತೆಗಳು. ನೆರಳೇ ಹುಟ್ಟದ ಆ ಹೊತ್ತಿನಲ್ಲಿಯೂ ಅತ್ತೆಯವರು ಮರದಡಿಯಲ್ಲಿಯೇ ಕುಳಿತಿದ್ದರು. ರಾಯರು ಅವರ ಬಳಿಗೆ ಬಂದು, ನಿವೃತ್ತಿಯ ಅನಂತರ ಮೊದಲ ಬಾರಿಗೆ ಮೇಲಧಿಕಾರಿಯ ಮುಂದೆ ನಿಂತವರ ವಿನಯದಿಂದ, 'ಇದರಲ್ಲಿ ತಿಥಿಗೊಂದು ಕಲಮು ಸೇರಿಸುತ್ತೇನೆ, ಅತ್ತೆ' ಎಂದರು.

ಪಂಚಾಂಗಕ್ಕೆ ಮನೆಯೊಳಗೆ ಪ್ರವೇಶ ಕೊಟ್ಟವರು ಅದರ ಒಂದೇ ಅಂಗವನ್ನು ಕರೆದು ಉಳಿದ ನಾಲ್ಕನ್ನು ಹೊಸ್ತಿಲಾಚೆ ನಿಲ್ಲಿಸಲಾರರು. ಅಂದು ರಾತ್ರಿ ಊಟವಾದ ಮೇಲೆ ಅತ್ತೆಯವರು, 'ನಾಳೆ ಸೋಮವಾರ. ಏಳೂವರೆಯಿಂದ ಒಂಬತ್ತು ರಾಹುಕಾಲ. ನಿಮ್ಮ ಹಡಗು ಎಂಟೂವರೆಗಲ್ಲವೊ?' ಎಂದರು. ಬೇರೆ ಯಾರು ಈ ಮಾತನ್ನು ಆಡಿದ್ದರೂ ರಾಯರು ಮೂಢನಂಬಿಕೆಯ ಮೇಲೆ ಉಪನ್ಯಾಸ ಕೊಡುತ್ತಿದ್ದರು. ಆದರೆ ಅದೇ ಪುಸ್ತಕದ ತಿಥಿಯನ್ನು ಬೆಳಿಗ್ಗೆಯಷ್ಟೇ ಒಪ್ಪಿಕೊಂಡಿದ್ದವರು ಅದೇ ಪುಸ್ತಕದ ರಾಹುವನ್ನು ತಳ್ಳಿಹಾಕುವುದು ಲೆಕ್ಕಪತ್ರದ ನೀತಿಗೆ ಒಪ್ಪುವುದಿಲ್ಲ. ಅವರು ಪೆನ್ಸಿಲು ಹಿಡಿದು ಕುಳಿತರು.

'ನೋಡಿ ಅತ್ತೆ, ಏಳೂವರೆ ಎನ್ನುವುದು ಸೂರ್ಯ ಆರಕ್ಕೆ ಹುಟ್ಟಿದರೆ. ಇಲ್ಲಿ ಹುಟ್ಟುವುದು 5-30ಕ್ಕೆ, ಮುಳುಗುವುದು 4-58ಕ್ಕೆ, ಆ ದಿನ ಕಣ್ಣಾರೆ ಕಂಡಿದ್ದೇವೆ' – ಇಲ್ಲಿ ಅವರ ಮನೆಯವರು ಕೆಮ್ಮಿದರು – 'ಹಗಲನ್ನು ಎಂಟು ಪಾಲು ಮಾಡಿದರೆ ಪಾಲಿಗೆ 86 ನಿಮಿಷ. ಸೋಮವಾರ ರಾಹು ಎರಡನೆಯ ಪಾಲು. ಅಲ್ಲಿಗೆ 8-22ಕ್ಕೆ ಮುಗಿಯಿತು. ಹಡಗು ಹೊರಡುವುದು 8-30ಕ್ಕೆ.'

ಅತ್ತೆಯವರು ಬಹಳ ಹೊತ್ತು ಯೋಚಿಸಿ, 'ಹಗ್ಗ ಬಿಚ್ಚಿದ ಮೇಲೇ ಪ್ರಯಾಣ ಅಂತ ಲೆಕ್ಕ. ಆಗಬಹುದು' ಎಂದು ಅಪ್ಪಣೆಯಿತ್ತರು. ರಾಯರ ಮುಖದ ಮೇಲೆ ಜಿರ್ಕಾಟಾಂಗಿನ ತೇಜಸ್ಸು ಮರುಕಳಿಸಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಂಟುಮೂಟೆಗಳೊಡನೆ ಜೆಟ್ಟಿಯ ಮೇಲಿದ್ದೆವು. ಗಾಳಿ ಎದ್ದಿತ್ತು, ಆಚೆಯ ದ್ವೀಪದಿಂದ ಬರಬೇಕಾದ ಹಡಗು ಬಂದಿರಲಿಲ್ಲ, ಕಡಲು ಒರಟಾಗಿರುವುದರಿಂದ ಹತ್ತೂವರೆಗೆ ಹೊರಡುವುದೆಂದು ಕಿಂಡಿಯಿಂದ ಸಾರಿದರು. ಸುತ್ತಲಿನ ಪ್ರಯಾಣಿಕರು ಗೊಣಗುತ್ತಿರುವಂತೆಯೇ ಅತ್ತೆಯವರು ಪುಸ್ತಕವನ್ನು ತೆರೆದು, 'ಹತ್ತೂವರೆಗೆ ಯಮಗಂಡ' ಎಂದಷ್ಟೇ ನುಡಿದು ಮುಚ್ಚಿದರು. ರಾಯರು ಪೆನ್ಸಿಲು ತೆಗೆದು ನಾಲ್ಕನೆಯ ಪಾಲನ್ನು ಹಾಕಿದರು. ದ್ವೀಪದ ಸೂರ್ಯನನ್ನು ಹಿಡಿದು ಲೆಕ್ಕಿಸಿದರೂ ಯಮಗಂಡ 11-14ರವರೆಗೆ ಸಡಿಲುವಂತಿರಲಿಲ್ಲ.

ಐದು ನಿಮಿಷದ ವಿಳಂಬಕ್ಕಾಗಿ ಇಡೀ ಪ್ರವಾಸದಲ್ಲಿ ಚಾಲಕರನ್ನೂ ಮಾಣಿಗಳನ್ನೂ ಮಕ್ಕಳನ್ನೂ ಸಮಾನವಾಗಿ ಗದರಿಸುತ್ತ ಬಂದಿದ್ದ ಆ ಮಹನೀಯರು ಎದ್ದು, ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು, ಜನರ ನಡುವೆ ದಾರಿಮಾಡಿಕೊಂಡು ಕಿಂಡಿಯ ಬಳಿಗೆ ಹೋಗಿ, ತಮಗೆ ಬಂದಷ್ಟು ಹಿಂದಿಯಲ್ಲಿ, ಹಡಗನ್ನು ದಯಮಾಡಿ ಇನ್ನೊಂದು ಮುಕ್ಕಾಲು ಗಂಟೆ ತಡಮಾಡಲು ಸಾಧ್ಯವೇ ಎಂದು ವಿಚಾರಿಸಿದರು. ಬೆಳಗಿನಿಂದ ಬೈಗುಳಗಳನ್ನು ಮಾತ್ರ ಕೇಳುತ್ತಿದ್ದ ಒಳಗಿನ ನೌಕರನು ತಲೆಯೆತ್ತಿ, ಇವರನ್ನು ಆಪಾದಮಸ್ತಕ ನೋಡಿ, ನಗದೆ, 'ಬರವಣಿಗೆಯಲ್ಲಿ ಕೊಡಿ' ಎಂದನು.

ರಾಯರಿಗೆ ಇದು ನ್ಯಾಯವಾಗಿಯೇ ತೋರಿತು. ಪಟ್ಟಿಯ ಕೊನೆಯ ಹಾಳೆಯನ್ನು ಹೊದಿಕೆಯಿಂದ ಹೊರಗೆಳೆದು, ಮಗುಚಿ, ನನ್ನ ಬೆನ್ನನ್ನೇ ಮೇಜಾಗಿ ಮಾಡಿಕೊಂಡು, 'ವಿಷಯ:' ಎಂದು ಬರೆಯತೊಡಗಿದರು.