ತೈಲಪರಿವರ್ತನ ಮೀಮಾಂಸೆ

ಕಾರಿನ ಇಂಜಿನ್ ಆಯಿಲನ್ನು ಯಜಮಾನ ಮನೆ ಮುಂದೆ ತಾನೇ ಬದಲಿಸಬೇಕೋ, ಶೋರೂಮಿನವರಿಗೆ ದುಡ್ಡು ಕೊಟ್ಟು ಮಾಡಿಸಬೇಕೋ ಎಂಬುದು ಪ್ರಸ್ತುತ ವಿಷಯ. ವಿಷಯವಿದ್ದ ಮೇಲೆ ಸಂಶಯ ಇರಲೇಬೇಕು, ಸಂಶಯದ ಬೆನ್ನಿಗೆ ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಪಂಪ ಮಹಾಕವಿ ರಸ್ತೆಯೊಂದರಲ್ಲೇ ಕನ್ನಡ ಸಾಹಿತ್ಯ ಪರಿಷತ್ತನ್ನೂ ಚಾಮರಾಜೇಂದ್ರ ಸಂಸ್ಕೃತ ಕಾಲೇಜನ್ನೂ ಇಟ್ಟುಕೊಂಡಿರುವ ಬಡಾವಣೆಯಲ್ಲಿ ಇದಕ್ಕಿಂತ ಕಡಿಮೆ ಶಾಸ್ತ್ರ ಹಿಡಿದು ಬೋಲ್ಟ್ ಬಿಚ್ಚಿದರೆ ನೆರೆಯವರು ಸುಮ್ಮನಿರುವುದಿಲ್ಲ.

ಮೊದಲು ಇತಿಹಾಸ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ನಮ್ಮ ಬಡಾವಣೆಯಾದ ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. ನಡುವೆ ಆರು ವರ್ಷ ಸಿಕ್ಕಿದ್ದರೂ ನಮ್ಮ ನಕಾಶೆ ಬರೆದವರು ಗ್ಯಾರೇಜಿಗೆ ಗೇಣು ಜಾಗ ಬಿಡಲಿಲ್ಲ ಎಂಬುದು ವಿಷಾದನೀಯ. ನೆಟ್ಟಗಿನ ಮೇನ್ ರೋಡು, ಅದನ್ನು ಕತ್ತರಿಸುವ ಕ್ರಾಸು, ಹಿತ್ತಲಿನಾಚೆ ಕನ್ಸರ್ವೆನ್ಸಿ ಗಲ್ಲಿ, ಎಲ್ಲ ಕೊಟ್ಟರು. ಕಾರಿಗೆ ಉಳಿದದ್ದು ಬೀದಿ. ಹೀಗಾಗಿ ಇಲ್ಲಿ ಗಾಡಿಯಡಿ ಮಲಗುವುದು ಗೃಹಕೃತ್ಯವಲ್ಲ. ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿದವರು, ಕೆಲಸವಿಲ್ಲದವರು ಸೇರಿ ನಡೆಸುವ ವಾಕ್ಯಾರ್ಥ ಸಭೆ. (ರಾಮೋತ್ಸವದ ದಿನಗಳಲ್ಲಿ ಸಂಜೆ ಈ ಸಭೆ ಸೇರಿಸಬಾರದು. ಕೋಟೆ ಹೈಸ್ಕೂಲ್ ಮೈದಾನದ ಕಚೇರಿಗೆ ಬಂದವರ ಕಾರುಗಳ ನಡುವೆ ನಿಮ್ಮ ಕಾರು ಯಾವುದೆಂದು ಪತ್ತೆ ಹಚ್ಚುವುದೇ ಬೇರೆ ಶಾಸ್ತ್ರ.)

ಸ್ವಹಸ್ತಪಕ್ಷಕ್ಕೆ ಪ್ರಾಚೀನ ಆಧಾರವೂ ಉಂಟು. ಎತ್ತಿನಗಾಡಿಯವನು ಹರಳೆಣ್ಣೆಗೆ ಹುಲ್ಲು ಸುಟ್ಟ ಬೂದಿ ಕಲೆಸಿ ಕೀಲೆಣ್ಣೆ ಮಾಡಿಕೊಂಡು, ಗಾಲಿ ಕಿರ್ರೆಂದ ಕಡೆ ತಾನೇ ಇಳಿದು ಹಚ್ಚುತ್ತಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಸಂಜೆ ಐದಕ್ಕೆ ಬಂದು ಒಯ್ಯಿರಿ ಎಂದು ಅವನಿಗೆ ಯಾರೂ ಹೇಳಲಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಕ್ಯಾಸ್ಟ್ರಾಲ್ ತಂದಾಗ ಅದಕ್ಕೆ ಬೆರೆಸಿದ್ದೂ ಹರಳೆಣ್ಣೆಯನ್ನೇ. ಬೂದಿಯನ್ನು ಏಕೆ ಕೈಬಿಟ್ಟರು ಎಂಬ ಬಗ್ಗೆ ಪ್ರತ್ಯೇಕ ಸಂಶೋಧನೆ ಆಗಬೇಕಾಗಿದೆ.

ಇನ್ನು ಸಂಶಯ. ಆಯಿಲ್ ಬದಲಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ? ನೈಯಾಯಿಕರು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಪ್ರತ್ಯಕ್ಷವೆಂದರೆ ಡಿಪ್‌ಸ್ಟಿಕ್ ಎಳೆದು, ಪಂಚೆಯ ಚುಂಗಿಗೆ ಒರೆಸಿ, "ಕಪ್ಪಗಿದೆ, ಕೆಟ್ಟಿದೆ" ಎಂದು ಬಿಡುವುದು. ಹಗ್ಗವನ್ನು ಹಾವೆಂದವರೂ ಹೀಗೇ ಎಡವಿದ್ದು. ಮಸಿ ಇಂಜಿನ್ನಿನ ಒಳಗೋಡೆಗೆ ಅಂಟದಂತೆ ತನ್ನಲ್ಲೇ ಹಿಡಿದಿಟ್ಟುಕೊಳ್ಳಲಿ ಎಂದೇ ಆಯಿಲಿಗೆ ಡಿಟರ್ಜೆಂಟ್ ಸೇರಿಸಿರುತ್ತಾರೆ. ಕಪ್ಪಾಗುವುದು ಅದರ ಧರ್ಮ. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲ್ ನೋಡನೋಡುತ್ತ ಕಾಡಿಗೆಯಾಗುತ್ತದೆ. ಎರಡನೆಯದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ಶತಮಾನಗಳಿಂದ ಪಾಠ ಹೇಳಿದ ಪಂಡಿತರು ಹೊಗೆಯ ಬಣ್ಣ ಯಾವುದೆಂದು ಕೇಳದೆ ಹೋದರು. ಸೈಲೆನ್ಸರಿನಲ್ಲಿ ನೀಲಿ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಕಪ್ಪು ಬಂದರೆ ಪೆಟ್ರೋಲು ಜಾಸ್ತಿ. ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಬರುತ್ತಿದ್ದರೆ ಕೂಲೆಂಟ್ ಒಳಗೆ ನುಗ್ಗಿದೆ. ಉಪಮಾನವೆಂದರೆ ಪಕ್ಕದ ಮನೆಯವರ ಗಾಡಿ. ಅದನ್ನು ನಾವು ಪ್ರಮಾಣವೆಂದು ಒಪ್ಪುವುದಿಲ್ಲ.

ಉಳಿದದ್ದು ಶಬ್ದಪ್ರಮಾಣ, ಅಂದರೆ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರೊಳಗೆ ಯೋಗನಿದ್ರೆಯಲ್ಲಿರುವ ಮ್ಯಾನುಯಲ್. ಸಾಮಾನ್ಯವಾಗಿ ಪೆಟ್ರೋಲ್ ಕಾರಿಗೆ ಅದು ವಿಧಿಸುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಭಾನುವಾರ ಗಾಂಧಿಬಜಾರಿಗೆ ಹೂವು ತರಲು ಹೊರಡುವ ಕಾರಿಗೆ ವರ್ಷವೇ ಮೊದಲು ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಇಷ್ಟು ಪುಟ್ಟ ಓಟದಲ್ಲಿ ಇಂಜಿನ್ ಪೂರ್ತಿ ಕಾಯುವುದಿಲ್ಲ, ನೀರಿನ ಪಸೆ ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಎಷ್ಟೋ ಮ್ಯಾನುಯಲ್‌ಗಳು ಇದನ್ನು ಕಠಿಣ ಬಳಕೆಯ ಪಟ್ಟಿಗೆ ಸೇರಿಸಿವೆ. ಕನಕಾಂಬರ ತಂದ ಕಾರು ಧೂಳುರಸ್ತೆಯಲ್ಲಿ ಭಾರ ಎಳೆದ ಗಾಡಿಯ ಪಂಕ್ತಿಯಲ್ಲೇ ಕೂರುತ್ತದೆ.

ಪೂರ್ವಪಕ್ಷಿಗಳು ಹೇಳುವುದೇನೆಂದರೆ, ಶೋರೂಮಿನಲ್ಲಿ ಲಿಫ್ಟಿದೆ, ಎಸಿ ಇರುವ ಕೋಣೆಯಿದೆ, ವಾರಂಟಿ ಉಳಿಯುತ್ತದೆ, ಮಾರುವಾಗ ಸರ್ವಿಸ್ ಹಿಸ್ಟರಿಗೆ ಬೆಲೆಯಿದೆ. ಸತ್ಯವೇ. ಆದರೆ ಶೋರೂಮಿನ ಬಿಲ್ಲು ಒಂದು ಸೂತ್ರಗ್ರಂಥ. ಮೂಲಸೂತ್ರ ಆಯಿಲ್, ಫಿಲ್ಟರು, ಲೇಬರ್ ಎಂದು ಮೂರೇ ಸಾಲು. ಅದರ ಕೆಳಗೆ ಇಂಜಿನ್ ಫ್ಲಶ್ ಎಂಬ ಭಾಷ್ಯ, ಥ್ರಾಟಲ್ ಬಾಡಿ ಕ್ಲೀನಿಂಗ್ ಎಂಬ ಟೀಕೆ, ಎಸಿ ಡಿಸ್‌ಇನ್ಫೆಕ್ಷನ್ ಎಂಬ ಟಿಪ್ಪಣಿ, ಕನ್ಸ್ಯೂಮಬಲ್ಸ್ ಎಂಬ ಪ್ರಕ್ಷಿಪ್ತ ಶ್ಲೋಕ. ಮೇಲೆ ನೂರಕ್ಕೆ 18ರ ಜಿಎಸ್‌ಟಿ. ಕನ್ಸ್ಯೂಮಬಲ್ಸ್ ಅಂದರೆ ಏನು ಎಂದು ಕೇಳಿದ ಜಿಜ್ಞಾಸುವಿಗೆ ಅಡ್ವೈಸರ್ ಟ್ಯಾಬ್ ನೋಡುತ್ತಾ "ಬನೀನ್ ವೇಸ್ಟು ಸಾರ್" ಎನ್ನುತ್ತಾನೆ.

ಮಧ್ಯಮಮಾರ್ಗಿಗಳದು ಶರಣಾಗತಿ: ಆಯಿಲ್ ತಾವೇ ಕೊಂಡು, ಕೆಲಸ ಪರಿಚಯದ ಮೆಕ್ಯಾನಿಕ್‌ಗೆ ಒಪ್ಪಿಸುವುದು. ಇವರಲ್ಲೂ ಎರಡು ಪಂಗಡ. ಮರ್ಕಟ ಕಿಶೋರ ನ್ಯಾಯದವರು, ತಾಯಿಯನ್ನು ಅಪ್ಪಿಕೊಂಡ ಕೋತಿಮರಿಯಂತೆ, ಮೆಕ್ಯಾನಿಕ್ಕಿನ ಬೆನ್ನಿಗೆ ನಿಂತು "ಪೂರ್ತಿ ಸೋರಲಿ ಬಿಡಪ್ಪ" ಎನ್ನುತ್ತಲೇ ಇರುತ್ತಾರೆ. ಮಾರ್ಜಾಲ ಕಿಶೋರ ನ್ಯಾಯದವರು ಕೀ ಕೊಟ್ಟು ಮನೆಗೆ ಹೋಗಿ ಮಲಗುತ್ತಾರೆ. ಡಬ್ಬದಲ್ಲಿ ಉಳಿದ ಅರ್ಧ ಲೀಟರು ಏನಾಯಿತೆಂಬ ಪ್ರಶ್ನೆ ಎರಡನೆಯವರನ್ನು ಬಾಧಿಸುವುದಿಲ್ಲ.

ತಾನೇ ಬದಲಿಸಬೇಕೆಂಬುದೇ ಸಿದ್ಧಾಂತ, ಅದಕ್ಕೆ ಜೆ.ಸಿ. ರಸ್ತೆಯೇ ಕ್ಷೇತ್ರ. 1963ರ ರವೀಂದ್ರ ಕಲಾಕ್ಷೇತ್ರ ಇರುವ ಈ ರಸ್ತೆಯಲ್ಲಿ ನಾಟಕ ಸಂಜೆಗೆ ಶುರುವಾಗುತ್ತದೆ ಎಂಬುದು ಬಿಡಿಭಾಗದ ಅಂಗಡಿ ನೋಡದವರ ಮಾತು. "ಫಿಲ್ಟರ್ ಒರಿಜಿನಲ್ ಕೊಡ್ಲಾ, ಲೋಕಲ್ ಕೊಡ್ಲಾ?" ಎಂಬ ಪ್ರಶ್ನೆಗೆ ಒರಿಜಿನಲ್ ಎಂದೇ ಹೇಳಿ, ಆಯಿಲ್ ಡಬ್ಬದ ಸೀಲನ್ನು ಕನ್ನಡಕ ಹಾಕಿಕೊಂಡು ನೋಡಿ, ಡ್ರೈನ್ ಬೋಲ್ಟಿನ ಹೊಸ ವಾಷರನ್ನು ಮರೆಯದೆ ಕೇಳಬೇಕು. ಚಿಕ್ಕ ಕಾರಿಗೆ ಸುಮಾರು 3 ಲೀಟರು ಸಾಕು.

ಮುಂದಿನ ಅಡ್ಡಿ ದೇಹಶಾಸ್ತ್ರದ್ದು. ಆಲ್ಟೊ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 160 ಮಿಲಿಮೀಟರ್. ಬೆಣ್ಣೆ ಮಸಾಲೆ ತಿಂದ ಯಜಮಾನನ ಹೊಟ್ಟೆ ಆ ಅಳತೆಗೆ ಬಗ್ಗುವುದಿಲ್ಲ. ಬರೀ ಜಾಕಿ ನಂಬಿ ಕೆಳಗೆ ತೂರುವವನ ಮನೆಯವರು ಇನ್ಶೂರೆನ್ಸ್ ಕಾಗದ ಹುಡುಕಿಟ್ಟಿರಬೇಕು. ಗಟ್ಟಿ ಸ್ಟ್ಯಾಂಡ್ ಕೊಟ್ಟೇ ತೂರಬೇಕು. ಇಂಜಿನ್ ಉಗುರು ಬೆಚ್ಚಗಿರುವಾಗ ಬೋಲ್ಟ್ ಬಿಚ್ಚಿದರೆ ಆಯಿಲ್ ಮೊದಲು ಬಿಲ್ಲಿನಂತೆ ಬಾಗಿ ಬೋಗುಣಿಯ ಆಚೆ ಬೀಳುತ್ತದೆ, ಅದನ್ನು ಹಿಂಬಾಲಿಸಿ ಬೋಗುಣಿ ಸರಿಸುವ ಹೊತ್ತಿಗೆ ಧಾರೆ ಸಣ್ಣಗಾಗಿ ಈಚೆ ಬಂದಿರುತ್ತದೆ. ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಬೇಕು. ಬೋಲ್ಟಿಗೆ ಭೀಮಬಲ ತೋರಿಸಿದರೆ ಮರೆ ಸವೆದು, ಉಳಿಸಿದ ಲೇಬರ್ ಚಾರ್ಜಿಗಿಂತ ದೊಡ್ಡ ಬಿಲ್ಲು ಕಾದಿರುತ್ತದೆ. ಹಾಗಾದರೆ ಲಾಭವೇನು? ದುಡ್ಡು ಉಳಿಯುವುದು ಅಷ್ಟಕ್ಕಷ್ಟೇ. ಹಳೆಯದು ಹೊರಬಿದ್ದದ್ದನ್ನೂ ಹೊಸದು ಒಳಹೋದದ್ದನ್ನೂ ಕಣ್ಣಾರೆ ಕಂಡೆ ಎನ್ನಬಹುದು. ಶೋರೂಮಿನಲ್ಲಿ ಗಾಜಿನಾಚೆ ಕೂತವನಿಗೆ ಆ ಮಾತು ಹೇಳಲು ಬಾರದು.

ಈ ಸಿದ್ಧಾಂತ ಬ್ರೇಕ್ ಆಯಿಲಿಗೆ ಅನ್ವಯಿಸುವುದಿಲ್ಲ. ಅದು ಗಾಳಿಯ ತೇವವನ್ನು ಹೀರುವ ಜಾತಿ. ಡಾಟ್ 4 ದರ್ಜೆಯದು ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ತಡೆದರೆ, ತೇವ ಕುಡಿದ ಮೇಲೆ 155ರಲ್ಲೇ ಕುದಿಯಬಹುದು. ಘಾಟಿಯಿಳಿಜಾರಿನಲ್ಲಿ ಪೆಡಲು ಮೆತ್ತಗಾಗುವುದು ಹೀಗೆ. ಬದಲಿಸಲು ಇಬ್ಬರು ಬೇಕು: ಚಕ್ರದ ಬಳಿ ನಿಪ್ಪಲ್ ಬಿಚ್ಚುವ ಪತಿ, ಪೆಡಲ್ ತುಳಿಯುವ ಪತ್ನಿ.

"ಒತ್ತೇ."

"ಒತ್ತಿದೀನಿ."

"ಬಿಡಬೇಡ, ನಾನು ಹೇಳೋವರೆಗೆ ಬಿಡಬೇಡ."

"ಕುಕ್ಕರ್ ಕೂಗ್ತಿದೆ ಕಣ್ರೀ!"

ನಿಪ್ಪಲ್ ತೆರೆದಿರುವಾಗ ಕಾಲು ತೆಗೆದರೆ ಪೈಪಿಗೆ ಗಾಳಿ ಹೊಕ್ಕು ಮೊದಲಿನಿಂದ ಶುರು. ದಾಂಪತ್ಯದ ಹಿತದೃಷ್ಟಿಯಿಂದಲೂ ಪ್ರಾಣದ ದೃಷ್ಟಿಯಿಂದಲೂ ಇಲ್ಲಿ ಪೂರ್ವಪಕ್ಷವೇ ಗೆಲ್ಲಲಿ. ಕೂಲೆಂಟನ್ನೂ ಬೀದಿಗೆ ಚೆಲ್ಲಕೂಡದು. ಅದರ ಎಥಿಲೀನ್ ಗ್ಲೈಕಾಲ್ ಸಿಹಿ ಮತ್ತು ವಿಷ. ಬೀದಿಯ ನಾಯಿ ಮ್ಯಾನುಯಲ್ ಓದಿರುವುದಿಲ್ಲ.

ಸಿದ್ಧಾಂತಿಗೆ ಉತ್ತರ ಸಿಗದ ಪ್ರಶ್ನೆ ಬೋಗುಣಿಯಲ್ಲಿದೆ. ಸೋರಿಸಿದ ಹಳೆ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹಿಂದಿನವರು ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿದರು, ಗೇಟಿನ ಕೀಲಿಗೆ ಬಿಟ್ಟರು, ಮಿಕ್ಕದ್ದನ್ನು ಕನ್ಸರ್ವೆನ್ಸಿ ಗಲ್ಲಿಯ ಮೋರಿಗೆ ಸುರಿದು ಕೈ ತೊಳೆದುಕೊಂಡರು. ಈಗ ಹಾಗೆ ಮಾಡಲಾಗದು. ಕಾಯಂ ಸಂಗ್ರಹಿಸುವ ಗ್ಯಾರೇಜಿನವನಿಗೆ ಕ್ಯಾನಿನಲ್ಲಿ ಒಯ್ದು ಕೊಡಬೇಕು. ಅಂದರೆ ಗ್ಯಾರೇಜಿಗೆ ಹೋಗಬಾರದೆಂದು ಹಟ ತೊಟ್ಟವನು ಕೊನೆಗೆ ಗ್ಯಾರೇಜಿಗೇ ಹೋಗುತ್ತಾನೆ, ಕಾರಿಲ್ಲದೆ, ಪಂಚೆಗೆ ತಾಗದಂತೆ ಕ್ಯಾನ್ ಹಿಡಿದುಕೊಂಡು.

ಇಷ್ಟಾದ ಮೇಲೂ ಶೋರೂಮಿನ ಲೆಕ್ಕದಲ್ಲಿ ಆಯಿಲ್ ಬದಲಾಗಿಲ್ಲ. ಫೋನ್ ಬರುತ್ತದೆ.

"ಸಾರ್, ನಿಮ್ಮ ಗಾಡಿ ಸರ್ವಿಸ್ ಡ್ಯೂ ಇದೆ."

"ಆಯ್ತಮ್ಮ, ಮಾಡಿಯಾಯ್ತು."

"ಯಾವ ಬ್ರಾಂಚಲ್ಲಿ ಸಾರ್?"

"ಮೂರನೇ ಮೇನ್‌ನಲ್ಲಿ."

"ಅಲ್ಲಿ ನಮ್ ಬ್ರಾಂಚ್ ಇಲ್ವಲ್ಲ ಸಾರ್... ಅಡ್ವೈಸರ್ ಯಾರು ಅಂತ ಹೇಳ್ತೀರಾ?"

"ಒಬ್ಬರಲ್ಲಮ್ಮ, ಇಡೀ ಬೀದಿ."