ಶೆಡ್ಡಿನಲ್ಲಿ ಪದ್ಮಿನಿ, ಮನಸ್ಸಿನಲ್ಲಿ ನೆಕ್ಸಾನ್

‘ಈ ಫಿಯೆಟ್ ಯಾವಾಗ ಕೊಡ್ತೀರಿ?’ ಅಂತ ಕಾಂಪೌಂಡಿನ ಆ ಕಡೆಯಿಂದ ನೀವು ಕೇಳ್ತಾನೇ ಇರ್ತೀರಿ ರಾಯರೇ. ಕೊಡೋದಿಲ್ಲ. ಹಾಗಂತ ಹೊಸ ಕಾರು ಬೇಡ ಅಂತಲೂ ಅಲ್ಲ. ಬೇಕು, ತುಂಬಾ ಬೇಕು. ಬನ್ನಿ, ಇವತ್ತು ಭಾನುವಾರ, ಸಾವಕಾಶವಾಗಿ ಹೇಳ್ತೀನಿ.

ನಮ್ಮಪ್ಪ ಬುಕ್ ಮಾಡಿ, ವರ್ಷಗಟ್ಟಲೆ ಕಾದು ಇದನ್ನ ಮನೆಗೆ ತಂದದ್ದು 1982ರಲ್ಲಿ. ಆಗ ಸಂಸಾರಸ್ಥರ ಪಾಲಿಗೆ ಇದ್ದದ್ದೇನು? ಉತ್ತರಪಾಡಾದಿಂದ ಬರೋ ಅಂಬಾಸಿಡರ್, ಇಲ್ಲವೇ ಮುಂಬೈ ಕುರ್ಲಾದಿಂದ ಬರೋ ಪದ್ಮಿನಿ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಇಟಲಿಯ ಫಿಯೆಟ್ 1100 ಗಾಡಿಯನ್ನೇ ಪ್ರೀಮಿಯರ್ ಕಂಪನಿಯವರು 1964ರಲ್ಲಿ ಡಿಲೈಟ್ ಅಂತ ಇಲ್ಲಿ ಮಾಡೋಕೆ ಶುರು ಮಾಡಿದ್ರು. 1974ರಲ್ಲಿ ಪದ್ಮಿನಿ ಅಂತ ಹೆಸರಿಟ್ಟರು. ಕೊನೇ ಗಾಡಿ ಹೊರಗೆ ಬರೋವರೆಗೂ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಅದನ್ನ ದೂರೋರು ಉಂಟು. ಆದ್ರೆ ಅದರಿಂದಲೇ ನನಗೆ ಇವತ್ತಿಗೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದ್ರೆ ಇದರ ಸಾಮಾನು ಸಿಗುತ್ತೆ.

ಬಾನೆಟ್ ಎತ್ತಿ ನೋಡಿ. 1089 ಸಿಸಿ ಎಂಜಿನ್, ಸುತ್ತ ಕೈ ಆಡಿಸೋಕೆ ಬೇಕಾದಷ್ಟು ಜಾಗ. ಯಾವುದೂ ಮುಚ್ಚಿಟ್ಟಿಲ್ಲ. ಗಾಡಿ ಮಿಸ್ ಹೊಡೀತಾ ಇದ್ರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿ, ಪಾಯಿಂಟ್‌ನ ಎಮರಿ ಪೇಪರಿನಲ್ಲಿ ತಿಕ್ಕಿ, ಗ್ಯಾಪ್ ಸರಿ ಮಾಡಿದ್ರೆ ಸಾಕು, ಶಬ್ದವೇ ಬದಲಾಗುತ್ತೆ. ಬೇಸಿಗೆಯಲ್ಲಿ ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಹೋಗುವಾಗ ಕೆಲವು ಸಲ ಸುಮ್ಮನೆ ನಿಂತುಬಿಡುತ್ತೆ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆಯಲ್ಲ, ಅದು ಕಾದು ಒಳಗಿನ ಪೆಟ್ರೋಲ್ ಆವಿಯಾಗುತ್ತೆ. ಆವಿಯನ್ನ ಪಂಪು ಎಳೆಯೋಕಾಗಲ್ಲ. ಒದ್ದೆ ಬಟ್ಟೆ ಸುತ್ತಿ, ಮರದ ನೆರಳಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತೆ. ಕಾಯಿಲೆ ಏನು, ಔಷಧಿ ಏನು ಅಂತ ಗೊತ್ತಿರೋ ಗಾಡಿ ಮೇಲೆ ಹುಟ್ಟೋ ಅಕ್ಕರೆಯೇ ಬೇರೆ. ಸ್ಟೀರಿಂಗಿನ ಪಕ್ಕದ ಹ್ಯಾಂಡ್ ಗೇರ್ ಇದೆಯಲ್ಲ, ಅದರ ಗುಂಡು ಅಪ್ಪನ ಅಂಗೈ ತಾಗಿ ತಾಗಿ ನುಣುಪಾಗಿದೆ. ಅದನ್ನ ಬದಲಾಯಿಸೋಕೆ ನಾನು ಯಾರಿಗೂ ಬಿಟ್ಟಿಲ್ಲ.

ಈಗ ಹೊಸ ಚಿಂತೆ ಪೆಟ್ರೋಲಿನದು. ಬಂಕಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ್ದು ಬರ್ತಾ ಇದೆ. ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್ ಅದನ್ನ ತಡೆಯಲ್ಲ, ಉಬ್ಬಿ ಬಿರುಕು ಬಿಡುತ್ತೆ. ಎಥನಾಲ್ ನೀರನ್ನೂ ಎಳ್ಕೊಳ್ಳುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಟ್ಯಾಂಕು, ಕಾರ್ಬುರೇಟರ್ ಕೆಡುತ್ತೆ. ಪೈಪು ಎಲ್ಲ ಹೊಸದು ಹಾಕಿಸಿದೀನಿ, ವಾರಕ್ಕೊಮ್ಮೆಯಾದ್ರೂ ದೇವರಾಜ ಮಾರ್ಕೆಟ್‌ವರೆಗೆ ಓಡಿಸ್ತೀನಿ.

ಹಾಗಾದ್ರೆ ಹೊಸ ಕಾರು ಯಾಕೆ ಅಂತೀರಾ? ಮಗಳು ಬೆಂಗಳೂರಿನಲ್ಲಿದಾಳೆ. ಮೊಮ್ಮಗು ಬಂದ ಮೇಲೆ ಆ 118 ಕಿಲೋಮೀಟರ್ ಹೆದ್ದಾರಿಯನ್ನ ನೋಡೋ ಕಣ್ಣೇ ಬೇರೆಯಾಗಿದೆ. ಅಕ್ಕಪಕ್ಕ ಗಂಟೆಗೆ ನೂರರಲ್ಲಿ ಗಾಡಿಗಳು. ನನ್ನದಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಹಿಂದಿನ ಸೀಟಿಗೆ ಬೆಲ್ಟೂ ಇಲ್ಲ. ‘ಹಳೇ ಗಾಡಿ ತಗಡು ಗಟ್ಟಿ, ಏನೂ ಆಗಲ್ಲ’ ಅನ್ನೋ ಮಾತನ್ನ ದಯವಿಟ್ಟು ನಂಬಬೇಡಿ. ತಗಡು ಕುಸಿದು ಪೆಟ್ಟನ್ನ ತಾನು ತಿನ್ನಬೇಕು. ಗಟ್ಟಿಯಾಗಿ ನಿಂತರೆ ಆ ಪೆಟ್ಟು ಒಳಗೆ ಕೂತೋರಿಗೆ ಬೀಳುತ್ತೆ. 2018ರಲ್ಲಿ ನಮ್ಮ ದೇಶದ ಕಾರೊಂದು ಮೊದಲ ಸಲ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡಿತು. ಅದೇ ಟಾಟಾ ನೆಕ್ಸಾನ್. ಅವತ್ತಿನಿಂದ ನನ್ನ ಮನಸ್ಸು ಅದರ ಮೇಲೇ. ಮಗುವನ್ನ ಹಿಂದಿನ ಸೀಟಿನಲ್ಲಿ ಸರಿಯಾಗಿ ಕಟ್ಟಿ ಕೂರಿಸಿ, ಎದೆ ಹೊಡ್ಕೊಳ್ಳದೆ ಮದ್ದೂರು ದಾಟಬೇಕು. ಅಷ್ಟೇ ನನ್ನ ಆಸೆ.

ಹೊಸದು ಬಂದರೂ ಇದು ಹೋಗಲ್ಲ. ಖರ್ಚಿದೆ, ಸುಳ್ಳು ಹೇಳಲ್ಲ. ರಿಜಿಸ್ಟ್ರೇಷನ್ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರಲ್ಲಿ 5,000 ಆಯ್ತು, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. ಐವತ್ತು ವರ್ಷ ತುಂಬಿದ್ರೆ ‘ವಿಎ’ ನಂಬರಿನ ವಿಂಟೇಜ್ ಪಟ್ಟ ಸಿಗುತ್ತೆ ನಿಜ. ಆದ್ರೆ ಆ ಪಟ್ಟ ಕಟ್ಟಿಸಿಕೊಂಡ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಅಷ್ಟೇ. ಶ್ರೀರಂಗಪಟ್ಟಣದ ಹತ್ತಿರ ನಗುವನಹಳ್ಳಿಯಲ್ಲಿ ಧರ್ಮಸ್ಥಳದ ಹೆಗ್ಗಡೆಯವರ ‘ಪಯಣ’ ಸಂಗ್ರಹಾಲಯ ಇದೆಯಲ್ಲ, ಅಲ್ಲಿ ನಿಂತಿರೋ ಗಾಡಿಗಳನ್ನ ನೋಡಿದಾಗ ಕೈ ಮುಗಿಯೋಣ ಅನ್ನಿಸುತ್ತೆ. ನನ್ನದು ಮಾತ್ರ ಓಡಾಡ್ತಾ ಇರಬೇಕು. ಹೆದ್ದಾರಿಗೆ ಹೊಸದು, ಊರೊಳಗೆ ಇದು. ಹಾಗಂತ ತೀರ್ಮಾನ ಮಾಡಿ ಆಗಿದೆ.

ಅಂದ ಹಾಗೆ ರಾಯರೇ, ನಿಮ್ಮ ಭಾವನ ಮನೆ ಹಿತ್ತಲಲ್ಲಿ ಟಾರ್ಪಾಲು ಹೊದ್ದ ಅಂಬಾಸಿಡರ್ ಒಂದಿದೆ ಅಂದಿದ್ರಲ್ಲ. ಅದನ್ನ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕೋಕೆ ಬಿಡಬೇಡಿ. ಅವಸರದಲ್ಲಿ ಸೆಲ್ಫ್ ಹೊಡೆಯೋದೂ ಬೇಡ ಅಂತ ಹೇಳಿ. ಮೊದಲು ಹಳೇ ಪೆಟ್ರೋಲ್ ಪೂರ್ತಿ ತೆಗೆಸಿ, ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದಿಷ್ಟು ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯೋಕೆ ಬಿಡಲಿ. ಮಾರನೇ ದಿನ ಎಂಜಿನ್‌ನ ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಬೇಕು. ಆ ಕೆಲಸಕ್ಕೆ ನನ್ನನ್ನ ಕರೀರಿ, ಬರ್ತೀನಿ.